ಬಾಗಿಲ ಹಿಂದಿನ ಗೌಡ, ಬಾಗಿಲೇ ಇಲ್ಲದ ಕಥೆ

‘ಗೊತ್ತಿಲ್ಲ’ ಎನ್ನುವುದರಲ್ಲಿ ಎರಡು ಬಗೆ. ಭೌತವಿಜ್ಞಾನ ಆ ಎರಡರ ನಡುವೆ ಗೆರೆ ಎಳೆಯುವ ಮೊದಲೇ ಕಥೆಗಾರರು ಗೆರೆಯ ಆಚೆ ಈಚೆ ಓಡಾಡತೊಡಗಿದ್ದರು. ಮಸ್ಕಿಯ ಬಂಡೆಯಿಂದ ‘ಘಾಚರ್ ಘೋಚರ್’ವರೆಗೆ ಒಂದು ನೋಟ.

ಸಿಂಧನೂರಿನಿಂದ ರಾಯಚೂರಿನ ಹಾದಿ ಹಿಡಿದರೆ ಸಿಗುವ ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರ್ಮ್ ಇದೆ. ಮೊದಲು ಅದು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ ಕೈಯಲ್ಲಿತ್ತು. 2014ರಲ್ಲಿ ಆ ನಿಗಮವೇ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಹಾಕುವ ಈ ಸೀಮೆಯ ರೈತರಿಗೆ, ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿದಿರುವ ನೀಲಿ ಚೀಟಿ ಹೊಸದಲ್ಲ. ಭತ್ತವಾದರೆ ನೂರು ಕಾಳಿಗೆ ಕನಿಷ್ಠ 80 ಮೊಳಕೆ ಬರಬೇಕೆಂಬುದು ನಿಯಮ. ‘ಹುಟ್ಟತಾವೇನ್ರೀ?’ ಎಂದು ಅಂಗಡಿಯಲ್ಲಿ ಕೇಳುವವರಿಗೆ ಚೀಟಿ ಕೊಡುವ ಉತ್ತರ ಇಷ್ಟೇ: ಎಂಬತ್ತು ಹುಟ್ಟುತ್ತವೆ. ಯಾವ ಎಂಬತ್ತು ಎಂದು ಅದು ಹೇಳುವುದಿಲ್ಲ.

ಹಾಗಂತ ಹೇಳಲಿಕ್ಕೇ ಬಾರದ ಸಂಗತಿಯೇನೂ ಅಲ್ಲ ಅದು. ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಕಾಳನ್ನು ಸೀಳಿ ಟೆಟ್ರಾಜೋಲಿಯಂ ದ್ರಾವಣದಲ್ಲಿ ನೆನೆಹಾಕಿದರೆ ಜೀವವಿರುವ ಭ್ರೂಣ ಕೆಂಪಗಾಗುತ್ತದೆ, ಸತ್ತದ್ದು ಬಣ್ಣ ಹಿಡಿಯುವುದಿಲ್ಲ. ಕಾಳಿನ ಹಣೆಬರಹ ಕಾಳಿನೊಳಗೇ ಇದೆ. ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಈಗ ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131 ಎಂಬ ವಿಕಿರಣಶೀಲ ವಸ್ತುವನ್ನು ನೋಡಿ. ಸುಮಾರು ಎಂಟು ದಿನ ಕಳೆಯುವುದರೊಳಗೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಿ ಬೇರೆ ಧಾತುವಾಗಿರುತ್ತವೆ. ಈ ಲೆಕ್ಕ ತಪ್ಪುವುದಿಲ್ಲ. ಯಾವ ಅರ್ಧ? ಇಲ್ಲಿ ಸೀಳಿ ನೋಡುವ ಪರೀಕ್ಷೆ ಇಲ್ಲ. ಈ ಗಳಿಗೆಯಲ್ಲಿ ಕ್ಷಯಿಸುವ ಪರಮಾಣುವಿಗೂ ಇನ್ನೊಂದು ತಿಂಗಳು ಉಳಿಯುವ ಪರಮಾಣುವಿಗೂ ಒಳಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎನ್ನುತ್ತದೆ ಕ್ವಾಂಟಂ ಸಿದ್ಧಾಂತ. ಬೀಜದ ವಿಷಯದಲ್ಲಿ ಉತ್ತರ ಬಚ್ಚಿಟ್ಟುಕೊಂಡಿದೆ. ಪರಮಾಣುವಿನ ವಿಷಯದಲ್ಲಿ ಉತ್ತರವೇ ಇನ್ನೂ ಆಗಿಲ್ಲ.

ಇಂದಿನ ಸಿನಿಮಾ, ಕಾದಂಬರಿಗಳಲ್ಲಿ ‘ಕ್ವಾಂಟಂ’ ಎಂಬ ಮಾತು ಬಂದ ಕೂಡಲೇ ಕಾಲಪ್ರಯಾಣ, ಸಮಾನಾಂತರ ಲೋಕ, ಒಬ್ಬನೇ ಮನುಷ್ಯನ ಎರಡು ಬಾಳು ನೆನಪಾಗುತ್ತವೆ. ಅವೆಲ್ಲ ಮೇಲಿನ ಅಲಂಕಾರ. ಕಥೆ ಹೇಳುವ ಕಲೆಗೂ ಕ್ವಾಂಟಂ ಭೌತವಿಜ್ಞಾನಕ್ಕೂ ನಿಜವಾದ ನಂಟು ಇರುವುದು ಈ ಎರಡು ಬಗೆಯ ‘ಗೊತ್ತಿಲ್ಲ’ಗಳಲ್ಲಿ. ಅದನ್ನು ಹುಡುಕಲು ಜವಳಗೇರಾದಿಂದ ಬಹಳ ದೂರ ಹೋಗಬೇಕಾಗಿಲ್ಲ.

ಮಸ್ಕಿಯ ಬಂಡೆ

ಸಿಂಧನೂರು–ಲಿಂಗಸುಗೂರು ರಸ್ತೆಯಲ್ಲಿರುವ ಮಸ್ಕಿಗೆ ಭಾರತದ ಚರಿತ್ರೆಯಲ್ಲಿ ಒಂದು ದೊಡ್ಡ ಪತ್ತೇದಾರಿ ಕಥೆಯ ಕೊನೆಯ ಪುಟ ಬರೆದ ಗೌರವವಿದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದುದ್ದಕ್ಕೂ ಬಂಡೆ, ಕಂಬಗಳ ಮೇಲೆ ಮಾತಾಡುತ್ತಿದ್ದ ರಾಜ ತನ್ನನ್ನು ‘ದೇವಾನಾಂಪಿಯ’, ‘ಪಿಯದಸಿ’ ಎಂದಷ್ಟೇ ಕರೆದುಕೊಂಡಿದ್ದ. ಅವನು ಯಾರು? ಸಿಂಹಳದ ಅರಸನಿರಬಹುದೇ ಎಂದು ಪ್ರಿನ್ಸೆಪ್ ಮೊದಲು ಊಹಿಸಿದ. ಅಲ್ಲಿನ ಪಾಳಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್, ಮೌರ್ಯ ಅಶೋಕನಿಗೆ ಆ ಬಿರುದು ಇದ್ದದ್ದನ್ನು ತೋರಿಸಿಕೊಟ್ಟ. ಆದರೂ ಯಾವ ಬಂಡೆಯೂ ಆ ಹೆಸರನ್ನು ಹೇಳಿರಲಿಲ್ಲ.

1915ರಲ್ಲಿ, ನಿಜಾಮರ ಸೀಮೆಯಾಗಿದ್ದ ಇಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಶಾಸನವೊಂದನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಬಿರುದಿನ ಬೆನ್ನಿಗೇ ‘ಅಶೋಕ’ ಎಂಬ ಹೆಸರು ಅಲ್ಲಿತ್ತು.

ಮಸ್ಕಿಯ ಬಂಡೆ ಅಶೋಕನನ್ನು ಅಶೋಕನನ್ನಾಗಿ ಮಾಡಲಿಲ್ಲ. ಸಾವಿರಾರು ವರ್ಷಗಳಿಂದಲೂ ಅವನು ಅವನೇ ಆಗಿದ್ದ; ಓದುವವರಿಗೆ ಗೊತ್ತಿರಲಿಲ್ಲ. ಇದು ಬೀಜದ ಬಗೆಯ ‘ಗೊತ್ತಿಲ್ಲ’. ಹತ್ತೊಂಬತ್ತನೆಯ ಶತಮಾನದ ವಿಜ್ಞಾನ ನಿಂತಿದ್ದು ಈ ನಂಬಿಕೆಯ ಮೇಲೆ. ಅದೇ ಶತಮಾನದಲ್ಲಿ ಪತ್ತೇದಾರಿ ಕಥೆಯೂ ಬೆಳೆಯಿತು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿಗೇ ಓದುವ ಚಟ ಹಿಡಿಸಿದ್ದು ಇದೇ ಭರವಸೆಯಿಂದ: ಎಷ್ಟೇ ಗೋಜಲಿರಲಿ, ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಸಿಕ್ಕೇ ಸಿಗುತ್ತಾನೆ.

ಐನ್‌ಸ್ಟೈನ್‌ಗೂ ಈ ಹೋಲಿಕೆ ಹಿಡಿಸಿತ್ತು. ಲಿಯೋಪೋಲ್ಡ್ ಇನ್‌ಫೆಲ್ಡ್ ಜೊತೆ ಸೇರಿ ಭೌತವಿಜ್ಞಾನ ಬೆಳೆದುಬಂದ ಬಗೆ ಕುರಿತು ಅವರು 1938ರಲ್ಲಿ ತಂದ ಪುಸ್ತಕ ಶುರುವಾಗುವುದೇ ಪ್ರಕೃತಿಯನ್ನು ಒಂದು ರಹಸ್ಯ ಕಥೆಗೆ ಹೋಲಿಸುವುದರಿಂದ.

ಗೌಡರು ಇದ್ದಾರೋ ಇಲ್ಲವೋ

ರಾಯಚೂರು ಜಿಲ್ಲೆಯ ನುಗಡೋಣಿಯಲ್ಲಿ ಹುಟ್ಟಿದ ಕಥೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು. ಚಿತ್ರಕಥೆಯ ರೂಪಾಂತರಕ್ಕಾಗಿ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ವೈಜನಾಥ ಬಿರಾದಾರ ಮಾಡಿದ ಈರ್ಯಾನ ಪಾತ್ರ ಈ ಸೀಮೆಯವರು ಮರೆಯುವಂಥದ್ದಲ್ಲ. ಈರ್ಯಾ ಹೆಣ ಹೂಳಲು ಗುಂಡಿ ತೋಡುವವನು. ಸಿದ್ಧ ಕನಸಿನಲ್ಲಿ ಬಂದನೆಂದರೆ ಊರಲ್ಲಿ ಸಾವಾಗಿದೆ ಎಂದು ಅವನೂ ಅವನ ಹೆಂಡತಿ ರುದ್ರಿಯೂ ನಂಬಿದ್ದಾರೆ. ಒಂದು ದಿನ ಕನಸು ಬೀಳುತ್ತದೆ. ಹಾಸಿಗೆ ಹಿಡಿದಿದ್ದ ಗೌಡರೇ ಹೋಗಿರಬೇಕೆಂದು ಅವರ ಮನೆಗೆ ಹೋಗುತ್ತಾನೆ. ಅಂಥದ್ದೇನೂ ಆಗಿಲ್ಲವೆಂಬ ಉತ್ತರ ಸಿಗುತ್ತದೆ. ಕನಸು ಸುಳ್ಳಾಯಿತೆಂಬ ಆಘಾತ ಸಾವಿಗಿಂತ ದೊಡ್ಡದಾಗಿ ಗಂಡ ಹೆಂಡತಿಯನ್ನು ಅಲ್ಲಾಡಿಸುತ್ತದೆ.

ಆಮೇಲೆ ಸಿನಿಮಾ ಅದೇ ದಿನವನ್ನು ಗೌಡರ ಮನೆಯ ಒಳಗಿನಿಂದ ಮತ್ತೊಮ್ಮೆ ತೋರಿಸುತ್ತದೆ. ಗೌಡರು ಸತ್ತಿದ್ದಾರೆ. ಸ್ವಾರ್ಥದ ಲೆಕ್ಕಾಚಾರಕ್ಕಾಗಿ ಆ ಸಾವನ್ನು ಮುಚ್ಚಿಡಲಾಗಿದೆ.

ಮುಚ್ಚಿದ ಬಾಗಿಲು, ಒಳಗಿರುವವರು ಬದುಕಿದ್ದಾರೋ ಸತ್ತಿದ್ದಾರೋ ಎಂದು ಹೊರಗೆ ನಿಂತವನಿಗೆ ತಿಳಿಯದು. ವಿಜ್ಞಾನ ಓದಿದ ಯಾರಿಗಾದರೂ ಇಲ್ಲಿ ಶ್ರೋಡಿಂಗರ್‌ನ ಬೆಕ್ಕು ನೆನಪಾದೀತು. 1935ರಲ್ಲಿ ಎರ್ವಿನ್ ಶ್ರೋಡಿಂಗರ್ ಕಲ್ಪಿಸಿದ ಪೆಟ್ಟಿಗೆಯಲ್ಲಿ ಒಂದು ಬೆಕ್ಕು, ಒಂದಿಷ್ಟು ವಿಕಿರಣಶೀಲ ವಸ್ತು, ಒಂದು ವಿಷದ ಸೀಸೆ. ಪರಮಾಣು ಕ್ಷಯಿಸಿದರೆ ಸೀಸೆ ಒಡೆದು ಬೆಕ್ಕು ಸಾಯುತ್ತದೆ. ಪರಮಾಣುವಿನ ಗತಿ ತೀರ್ಮಾನವಾಗದೆ ಇರುವಷ್ಟು ಹೊತ್ತು ಬೆಕ್ಕಿನ ಗತಿಯೂ ಹಾಗೇ ಇರಬೇಕಲ್ಲವೇ ಎಂಬುದು ಅವನ ಪ್ರಶ್ನೆ. ಇಂದು ಟೀ ಶರ್ಟುಗಳ ಮೇಲೆ ಮೆರೆಯುವ ಈ ಬೆಕ್ಕನ್ನು ಅವನು ತಂದದ್ದು ಸಿದ್ಧಾಂತವನ್ನು ಕೊಂಡಾಡಲಿಕ್ಕಲ್ಲ; ಅದನ್ನು ಎಳೆದರೆ ಎಂಥ ಅಸಂಬದ್ಧಕ್ಕೆ ಮುಟ್ಟುತ್ತದೆ ಎಂದು ತೋರಿಸಲಿಕ್ಕೆ.

ಆದರೆ ಗೌಡರು ಆ ಬೆಕ್ಕಲ್ಲ. ಈರ್ಯಾ ಬಾಗಿಲಲ್ಲಿ ನಿಂತಾಗಲೇ ಅವರ ಉಸಿರು ನಿಂತಾಗಿತ್ತು. ಗೊತ್ತಿದ್ದವರು ಹೇಳಲಿಲ್ಲ. ಈ ಕಥೆಯ ಬಿಗಿ ಇರುವುದೇ ಇಲ್ಲಿ: ಉಳ್ಳವರ ಮನೆಯಲ್ಲಿ ಸತ್ಯಕ್ಕೆ ಬಾಗಿಲಿರುತ್ತದೆ, ಚಿಲಕ ಅವರ ಕೈಯಲ್ಲಿರುತ್ತದೆ, ಇಲ್ಲದವನು ತನ್ನ ಕನಸನ್ನೇ ಅನುಮಾನಿಸಬೇಕಾಗುತ್ತದೆ. ಗೌಡರ ಸಾವನ್ನು ತೇಲಿಸಿ ‘ಯಾರಿಗೆ ಗೊತ್ತು’ ಎಂದು ಬಿಟ್ಟಿದ್ದರೆ ಅದು ಈರ್ಯಾನಿಗೆ ಎರಡನೆಯ ಸಲ ಮಾಡಿದ ಮೋಸವಾಗುತ್ತಿತ್ತು. ಒಂದೇ ದಿನವನ್ನು ಎರಡು ಕಡೆಯಿಂದ ಹೇಳಿದ ಮಾತ್ರಕ್ಕೆ ಕಥೆಯ ಸತ್ಯ ಎರಡಾಗಬೇಕಿಲ್ಲ.

ಉತ್ತರವೇ ಇಲ್ಲದ ಪ್ರಶ್ನೆ

ಬೆಕ್ಕು ಬಂದ 1935ರಲ್ಲೇ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಜೊತೆ ಸೇರಿ ಕ್ವಾಂಟಂ ಸಿದ್ಧಾಂತ ಅಪೂರ್ಣ ಎಂದು ವಾದಿಸಿದರು. ಜೋಡಿಯಾಗಿ ಹುಟ್ಟಿ ದೂರ ದೂರ ಹೋದ ಎರಡು ಕಣಗಳಲ್ಲಿ ಒಂದನ್ನು ಅಳೆದರೆ ಇನ್ನೊಂದರ ಸಂಗತಿ ತಿಳಿಯುತ್ತದೆ. ಹಾಗಾದರೆ ಎರಡೂ ತಮ್ಮ ಉತ್ತರವನ್ನು ಮೊದಲೇ ಹೊತ್ತು ಹೊರಟಿರಬೇಕು, ಸಿದ್ಧಾಂತಕ್ಕೆ ಅದು ಕಾಣುತ್ತಿಲ್ಲ ಎಂಬುದು ಅವರ ತರ್ಕ. ನೀಲ್ಸ್ ಬೋರ್ ಒಪ್ಪಲಿಲ್ಲ. ಮೂರು ದಶಕ ಇದು ಬರೀ ವಾದವಾಗಿಯೇ ಉಳಿಯಿತು.

1964ರಲ್ಲಿ ಜಾನ್ ಬೆಲ್ ಈ ವಾದಕ್ಕೆ ಅಳತೆಗೋಲು ಕೊಟ್ಟರು. ಕಣಗಳು ಉತ್ತರವನ್ನು ಮೊದಲೇ ಹೊತ್ತಿದ್ದರೆ, ದೂರದ ಎರಡು ಅಳತೆಗಳ ನಡುವಿನ ಹೊಂದಾಣಿಕೆ ಒಂದು ಮಿತಿಯನ್ನು ದಾಟಲಾರದು. ಪ್ರಯೋಗಗಳಿಗೆ ಒಗ್ಗುವಂತೆ ಆಮೇಲೆ ಇತರರು ತಿದ್ದಿ ಬರೆದ ರೂಪದಲ್ಲಿ ಆ ಮಿತಿ 2. ಕ್ವಾಂಟಂ ಲೆಕ್ಕ ಸುಮಾರು 2.8ರವರೆಗೆ ಹೋಗುತ್ತದೆ. ಜಾನ್ ಕ್ಲೌಸರ್ 1972ರಲ್ಲಿ, ಅಲೈನ್ ಆಸ್ಪೆ 1982ರಲ್ಲಿ, ಆಮೇಲೆ ಆಂಟನ್ ಜೈಲಿಂಗರ್ ತಂಡದವರು ಬೆಳಕಿನ ಕಣಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಮಿತಿ ದಾಟಿತು. ಮೂವರಿಗೂ 2022ರ ನೊಬೆಲ್ ಬಂತು. ದೂರದ ಕಣಗಳು ಕ್ಷಣಾರ್ಧದಲ್ಲಿ ಒಂದರ ಮೇಲೊಂದು ಪ್ರಭಾವ ಬೀರುತ್ತವೆ ಎಂದು ಒಪ್ಪಿದರೆ ‘ಒಳಗಿನ ಉತ್ತರ’ವನ್ನು ಇಂದಿಗೂ ಉಳಿಸಿಕೊಳ್ಳಬಹುದು, ಡೇವಿಡ್ ಬೋಮ್ 1952ರಲ್ಲಿ ತೋರಿಸಿದ ದಾರಿ ಅದು. ಬೀಜದೊಳಗಿನ ಭ್ರೂಣದಂತೆ ಅಲ್ಲೇ ಕೂತಿರುವ ಸರಳ ಉತ್ತರ ಮಾತ್ರ ಇಲ್ಲ.

ಇದು ದೂರದ ಮಾತೂ ಅಲ್ಲ. ಸಿ.ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಜೋಡಿ ಬೆಳಕಿನ ಕಣಗಳ ಪ್ರಯೋಗ ನಡೆಯುತ್ತಿದೆ. ಕೇಂದ್ರ ಸಂಪುಟ 2023ರಲ್ಲಿ ಒಪ್ಪಿದ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಕ್ವಾಂಟಂ ಕಂಪ್ಯೂಟರ್ ವಿಭಾಗದ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆ.

ಅನಿತಾಗೆ ಏನಾಯಿತು?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂತು. ಕಾಫಿ ಹೌಸಿನಲ್ಲಿ ಕೂತ ನಿರೂಪಕ ತನ್ನ ಮನೆಯ ಕಥೆ ಹೇಳುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿದ ಮೇಲೆ ದುಡ್ಡು ಬಂದ ಮನೆ. ದುಡ್ಡು ಕಾಯಲು ಒಟ್ಟಾಗಿ ನಿಲ್ಲುವ ಮನೆ. ಸೊಸೆ ಅನಿತಾ ನೇರ ಮಾತಿನವಳು. ತವರಿಗೆ ಹೋದವಳು ಹಿಂದಿರುಗಬೇಕಿತ್ತು, ಹಿಂದಿರುಗಿಲ್ಲ. ಮನೆಯವರು ಆಡಿದ ಮಾತುಗಳನ್ನು ನೆನೆಯುತ್ತಾ ನಿರೂಪಕನಿಗೆ ಒಳಗೊಳಗೇ ನಡುಕ. ಪುಸ್ತಕ ಮುಗಿಯುತ್ತದೆ. ಅವಳು ಬದುಕಿದ್ದಾಳೆಯೇ?

ಇಲ್ಲಿ ಒಳಗಿನಿಂದ ತೋರಿಸುವ ಎರಡನೆಯ ಭಾಗವಿಲ್ಲ. ಪುಸ್ತಕವನ್ನು ಎಷ್ಟೇ ಸೀಳಿ ನೋಡಿದರೂ ಬಣ್ಣ ಹಿಡಿಯುವ ಭ್ರೂಣವಿಲ್ಲ. ಅನಿತಾ ಎಂಬವಳು ಇರುವುದು ಆ ಪುಟಗಳಲ್ಲಿ ಮಾತ್ರ. ಆ ಪುಟಗಳು ಹೇಳದ್ದು ಎಲ್ಲಿಯೂ ನಡೆದಿಲ್ಲ. ಲೇಖಕರನ್ನೇ ಕೇಳಬಹುದಲ್ಲ ಎನ್ನಬಹುದು. ಅವರು ಏನೇ ಹೇಳಿದರೂ ಅದು ಪತ್ತೆಹಚ್ಚಿದ ಸತ್ಯವಾಗುವುದಿಲ್ಲ, ಹೊಸದಾಗಿ ಬರೆದ ಒಂದು ವಾಕ್ಯವಾಗುತ್ತದೆ. ಕಣದ ಅಳತೆಯನ್ನು ಕುರಿತು ಬೋರ್ ಹೇಳುತ್ತಿದ್ದುದಕ್ಕೆ ಇದಕ್ಕಿಂತ ಹತ್ತಿರದ ಸಂಗತಿ ಸಾಹಿತ್ಯದಲ್ಲಿ ಸಿಗಲಾರದು: ಕೇಳುವ ಕ್ರಿಯೆಯೇ ಉತ್ತರವನ್ನು ಆಗಿಸುತ್ತದೆ. ಪೋಲೆಂಡಿನ ತತ್ವಜ್ಞಾನಿ ರೋಮನ್ ಇಂಗಾರ್ಡನ್ 1931ರಲ್ಲೇ, ಸಾಹಿತ್ಯ ಕೃತಿಯ ಲೋಕದಲ್ಲಿ ಇಂಥ ತೀರ್ಮಾನವಾಗದ ತಾಣಗಳು ಇದ್ದೇ ಇರುತ್ತವೆ ಎಂದು ಬರೆದಿದ್ದರು. ಹಳೆಯ ಕಥೆ ಆ ತಾಣಗಳನ್ನು ಕಣ್ಣಿಗೆ ಬೀಳದಂತೆ ಮೂಲೆಗೆ ಸರಿಸುತ್ತಿತ್ತು. ಆಧುನಿಕ ಕಥೆ ಅವುಗಳಲ್ಲೊಂದನ್ನು ತಂದು ನಡುಮನೆಯಲ್ಲಿ ಕೂರಿಸಿತು.

ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇವೆರಡರ ನಡುವಿನ ಹೊಸ್ತಿಲ ಮೇಲಿದೆ. ಏಲಕ್ಕಿ ನಾಶದ, ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ಬರುವ ಅಧಿಕಾರಿ ಅಂಗಾಡಿಯ ಕೈಯಲ್ಲಿ ಪತ್ತೇದಾರಿ ಕಥೆಯ ಸಾಮಾನೆಲ್ಲ ಇದೆ. ಆದರೆ ಪುಟ ತಿರುವಿದಂತೆ ಪತ್ತೆಗಿಂತ ಕೆಸರೂರಿನ ಗೋಜಲೇ ದೊಡ್ಡದಾಗುತ್ತದೆ.

ಕಾರ್ನಾಡರ ‘ನಾಗಮಂಡಲ’ ಇನ್ನೊಂದು ದಾರಿ ಹಿಡಿಯಿತು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳ ಮೇಲೆ ನಿಂತ ಈ ನಾಟಕದಲ್ಲಿ ಕಥೆಯೇ ಒಂದು ಹೆಣ್ಣಾಗಿ ಬಂದು, ಪಾಳು ಗುಡಿಯಲ್ಲಿ ಸೇರಿದ ದೀಪದ ಜ್ವಾಲೆಗಳ ಮುಂದೆ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ನಾಗ ಸಾಯುವ ಕೊನೆ ಕೇಳುಗರಿಗೆ ಒಪ್ಪಿಗೆಯಾಗದೆ ಇನ್ನೊಂದು ಕೊನೆ ಬರುತ್ತದೆ. ಅದರಲ್ಲಿ ನಾಗ ನಾಯಕಿ ರಾಣಿಯ ಕೂದಲಲ್ಲಿ ಉಳಿಯುತ್ತದೆ. 1957ರಲ್ಲಿ ಹ್ಯೂ ಎವರೆಟ್, ಎಲ್ಲ ಫಲಿತಾಂಶಗಳೂ ತಮ್ಮ ತಮ್ಮ ಕವಲಿನಲ್ಲಿ ನಡೆಯುತ್ತವೆ ಎಂದದ್ದು ಇಲ್ಲಿ ನೆನಪಾಗಬಹುದು. ಆದರೆ ಕಾರ್ನಾಡರ ಕವಲು ಒಡೆದದ್ದು ಕೇಳುವವರ ಆಸೆಯಿಂದ. ಪರಮಾಣುವಿಗೆ ಯಾರ ಆಸೆಯ ಹಂಗೂ ಇಲ್ಲ.

ಯಾರು ಯಾರಿಂದ ಕಲಿತರು?

ಹೀಗೆಂದ ಮಾತ್ರಕ್ಕೆ ಕಥೆಗಾರರು ಭೌತವಿಜ್ಞಾನ ಓದಿ ಇದನ್ನೆಲ್ಲ ಕಲಿತರು ಎಂದುಕೊಳ್ಳಬಾರದು. ತಾರೀಖುಗಳೇ ಅಡ್ಡ ಬರುತ್ತವೆ. ಒಂದು ಸಾವನ್ನು ಹಲವರು ಹಲವು ರೀತಿ ಹೇಳಿ, ಯಾವುದು ನಿಜವೆಂದು ತೀರ್ಮಾನವಾಗದ ಅಕುತಗಾವನ ಜಪಾನಿ ಕಥೆ ಬಂದದ್ದು 1922ರಲ್ಲಿ. ಹೈಸೆನ್‌ಬರ್ಗ್ ಕ್ವಾಂಟಂ ಗಣಿತದ ಮೊದಲ ಲೇಖನ ಬರೆದದ್ದು 1925ರಲ್ಲಿ, ಅನಿಶ್ಚಿತತೆಯ ತತ್ವ 1927ರಲ್ಲಿ. ಆ ಕಥೆಯಿಂದ ಕುರೊಸಾವಾ ‘ರಾಶೊಮೊನ್’ ಮಾಡಿದ್ದು 1950ರಲ್ಲಿ. ಮಲ್ಪೆಯ ಕಡಲ ದಂಡೆಗೆ ಅದೇ ಬಗೆಯ ಕಥನವನ್ನು ತಂದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ಗೆ (2014) ಆ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ವರ್ಷದ ವಂಶಾವಳಿ ಇದೆ. ಎಲ್ಲ ಕವಲುಗಳೂ ಒಟ್ಟಿಗೇ ನಡೆಯುವ ಕಾದಂಬರಿಯನ್ನು ಬೋರ್ಹೆಸ್ ಕಲ್ಪಿಸಿದ್ದು 1941ರಲ್ಲಿ, ಎವರೆಟ್‌ಗಿಂತ ಹದಿನಾರು ವರ್ಷ ಮೊದಲು.

ಭೌತವಿಜ್ಞಾನವನ್ನು ನೇರವಾಗಿ ಎತ್ತಿಕೊಂಡ ಕೃತಿಗಳೂ ಇವೆ. ಎಸ್.ಎಲ್. ಭೈರಪ್ಪನವರ ‘ಯಾನ’ (2014) ಸೌರಮಂಡಲ ದಾಟಿ ಹೊರಟ ನೌಕೆಯಲ್ಲಿ ಮನುಷ್ಯ ಸಂಬಂಧವನ್ನು ಪರೀಕ್ಷೆಗೆ ಒಡ್ಡುತ್ತದೆ. ಅಲ್ಲಿ ವಿಜ್ಞಾನ ಇರುವುದು ವಸ್ತುವಿನಲ್ಲಿ. ಕಥನದ ಕಟ್ಟಿನಲ್ಲೇ ಅದನ್ನು ತಂದದ್ದು ಮೈಕೆಲ್ ಫ್ರೇನ್ ಅವರ ‘ಕೋಪನ್‌ಹೇಗನ್’ ನಾಟಕ (1998). ಯುದ್ಧದ ನಡುವೆ, 1941ರಲ್ಲಿ, ಹೈಸೆನ್‌ಬರ್ಗ್ ತನ್ನ ಗುರುವಿನಂತಿದ್ದ ಬೋರ್‌ನನ್ನು ಕಾಣಲು ಹೋದದ್ದೇಕೆ? ನಾಟಕ ಆ ಭೇಟಿಯನ್ನು ಮತ್ತೆ ಮತ್ತೆ ಆಡಿಸುತ್ತದೆ, ಪ್ರತಿ ಸಲವೂ ಉದ್ದೇಶ ಬೇರೆ ಕಾಣುತ್ತದೆ. ನಾಟಕದ ಗದ್ದಲದಿಂದಾಗಿಯೇ ಬೋರ್ ಕುಟುಂಬ 2002ರಲ್ಲಿ, ಬೋರ್ ಬರೆದು ಅಂಚೆಗೆ ಹಾಕದೆ ಇಟ್ಟಿದ್ದ ಪತ್ರಗಳನ್ನು ಅವಧಿಗೆ ಮೊದಲೇ ಹೊರಗೆ ಬಿಟ್ಟಿತು. ಇತಿಹಾಸದ ಹೈಸೆನ್‌ಬರ್ಗ್‌ಗೆ ಮಸ್ಕಿಯಂಥ ಬಂಡೆ ಎಲ್ಲೋ ಸಿಗಬಹುದು. ನಾಟಕದ ಹೈಸೆನ್‌ಬರ್ಗ್‌ಗೆ ಸಿಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ಚಾಳಿಯಿದೆ. ಕ್ವಾಂಟಂ ಎಂದರೆ ಸಾಕು, ಅಲ್ಲಮನ ಬಯಲಿನಲ್ಲಿ ಅದು ಮೊದಲೇ ಇತ್ತು ಎಂದು ಭಾಷಣ ಶುರುವಾಗುತ್ತದೆ. ಅಲ್ಲಮನ ಬೆಡಗು ಸಾಧನೆಯ ದಾರಿಯಲ್ಲಿ ಮಾತಿನ ಗಂಟು ಬಿಚ್ಚಿಸುವ ಉಪಾಯ. ಅದರ ಗುರಿಯೇ ಬೇರೆ. ನೋಡುಗನ ಮನಸ್ಸು ಲೋಕವನ್ನು ಸೃಷ್ಟಿಸುತ್ತದೆ ಎಂದು ಭೌತವಿಜ್ಞಾನದ ಪ್ರಯೋಗಗಳೇನೂ ತೋರಿಸಿಲ್ಲ. ಅಲ್ಲಿ ‘ನೋಡುವುದು’ ಎಂದರೆ ಅಳೆಯುವ ಯಂತ್ರದ ಜೊತೆಗಿನ ಸಂಪರ್ಕ. ಎಷ್ಟೋ ಸಲ ಗಾಳಿಯ ಒಂದು ಅಣು ತಗುಲಿದರೂ ಕಣದ ಆ ನಾಜೂಕು ಸ್ಥಿತಿ ಕದಡುತ್ತದೆ. ಬೆಕ್ಕಿನಷ್ಟು ದೊಡ್ಡ ಪ್ರಾಣಿ ಎರಡೂ ಆಗಿ ಕೂತಿರುವುದು ಕಾಣದಿರುವುದಕ್ಕೆ ಕಾರಣವೂ ಇದೇ. ಎರಡು ದೊಡ್ಡ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದರೆ ಎರಡಕ್ಕೂ ಅವಮಾನ.

ಅನಿಶ್ಚಿತ, ಆದರೆ ಕರಾರುವಾಕ್ಕು

ಕಥೆಗಾರರು ಕ್ವಾಂಟಂ ವಿಜ್ಞಾನದಿಂದ ಕಡ ತರಬಹುದಾದ ಒಂದು ಗುಣವಿದ್ದರೆ ಅದು ಶಿಸ್ತು. ಒಂದು ಪರಮಾಣು ಯಾವಾಗ ಕ್ಷಯಿಸುತ್ತದೆಂದು ಹೇಳಲಾರದ ಈ ಸಿದ್ಧಾಂತವೇ ಎಲೆಕ್ಟ್ರಾನಿನ ಕಾಂತಗುಣವನ್ನು ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಸರಿಯಾಗಿ ಲೆಕ್ಕ ಹಾಕುತ್ತದೆ. ಏನು ಆಗಬಹುದು, ಎಷ್ಟು ಆಗಬಹುದು, ಏನು ಆಗಲಾರದು ಎಂಬುದರಲ್ಲಿ ಅದಕ್ಕೆ ಸಂಶಯವಿಲ್ಲ. ಅನಿಶ್ಚಿತವೂ ಅಸ್ಪಷ್ಟವೂ ಒಂದೇ ಅಲ್ಲ.

ಇಂದು ಬರುವ ಎಷ್ಟೋ ಕಥೆ, ಸಿನಿಮಾಗಳು ‘ಓಪನ್ ಎಂಡಿಂಗ್’ ಎಂಬ ಹೆಸರಿನಲ್ಲಿ ಜಾರಿಕೊಳ್ಳುವುದು ಇಲ್ಲೇ. ಏನಾಯಿತೆಂದು ಕಥೆಗಾರನೂ ಯೋಚಿಸಿಲ್ಲ, ಏನಾಗಬಹುದೆಂದೂ ಅಳೆದಿಲ್ಲ. ಕೈಬಿಟ್ಟದ್ದನ್ನೇ ಕಲೆ ಎಂದು ಕರೆದಿರುತ್ತಾನೆ. ‘ಘಾಚರ್ ಘೋಚರ್’ ಹಾಗೆ ಮಾಡಲಿಲ್ಲ. ಮನೆಗೆ ಬಂದ ಇರುವೆಗಳನ್ನು ಹೊಸಕುವ ರೀತಿ, ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಬಾಗಿಲಿಂದಲೇ ಅಟ್ಟಿದ ದಿನ, ಆ ಹೊತ್ತಿನಲ್ಲಿ ಯಾರು ಯಾರ ಜೊತೆ ನಿಂತರು ಎಂಬುದು: ಪ್ರತಿಯೊಂದೂ ಕೊನೆಯ ಪ್ರಶ್ನೆಯ ತೂಕವನ್ನು ಗುಂಜಿ ಗುಂಜಿಯಾಗಿ ಏರಿಸುತ್ತದೆ. ಆ ಮನೆಯಿಂದ ಏನು ಸಾಧ್ಯ ಎಂಬುದು ಓದುಗರಿಗೆ ಖಚಿತವಾಗುತ್ತದೆ, ಅದು ನಡೆಯಿತೇ ಎಂಬುದು ಮಾತ್ರ ಆಗುವುದಿಲ್ಲ.

ಹೋಲಿಕೆ ನಿಲ್ಲುವ ಜಾಗವನ್ನೂ ಹೇಳಬೇಕು. ಪ್ರಯೋಗಾಲಯದಲ್ಲಿ ಒಮ್ಮೆ ಅಳೆದ ಮೇಲೆ ಯಂತ್ರದ ಮುಳ್ಳು ಎಲ್ಲಿ ನಿಂತಿದೆ ಎಂಬುದರಲ್ಲಿ ಸಿಂಧನೂರಿನವರಿಗೂ ಸ್ಟಾಕ್‌ಹೋಮಿನವರಿಗೂ ಭಿನ್ನಮತವಿಲ್ಲ. ಕಥೆಯಲ್ಲಿ ಹಾಗಲ್ಲ: ಒಂದೇ ಮನೆಯಲ್ಲಿ ಪುಸ್ತಕ ಓದಿದ ಅಕ್ಕ ತಂಗಿಯರು ಅನಿತಾಳ ಬಗ್ಗೆ ಎರಡು ತೀರ್ಮಾನಕ್ಕೆ ಬರಬಹುದು, ಎರಡೂ ತಪ್ಪಲ್ಲ.

ಹಾಗಾದರೆ ಅಳೆದು ಬಿಟ್ಟ ಕೊನೆ ಯಾವುದು, ಕೈಬಿಟ್ಟ ಕೊನೆ ಯಾವುದು ಎಂದು ತಿಳಿಯುವುದು ಹೇಗೆ? ಯಾವ ಓದುಗರಾದರೂ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕೊನೆಯನ್ನು ಒಂದು ಕಡೆಗೆ ತೀರ್ಮಾನಿಸಿಕೊಂಡು ಕಥೆಯನ್ನು ಮೊದಲಿಂದ ಓದಿ. ಆಮೇಲೆ ಇನ್ನೊಂದು ಕಡೆಗೆ ತೀರ್ಮಾನಿಸಿಕೊಂಡು ಮತ್ತೊಮ್ಮೆ ಓದಿ. ಎರಡು ಓದಿನಲ್ಲೂ ಪ್ರತಿ ವಾಕ್ಯ ಕೆಲಸ ಮಾಡಿದರೆ, ಎರಡರಲ್ಲೂ ಬೇರೆ ಬೇರೆ ನೋವು ಎದ್ದರೆ, ಕಥೆಗಾರ ಲೆಕ್ಕ ಹಾಕಿಯೇ ಬಿಟ್ಟಿದ್ದಾನೆ. ಒಂದೇ ಓದು ನಿಂತು ಇನ್ನೊಂದು ಕುಸಿದರೆ ಅದು ‘ಸವಾರಿ’ಯ ಬಗೆಯ ಕಥೆ, ಅಲ್ಲಿ ಉತ್ತರ ಇದೆ, ಅದನ್ನು ಯಾರು ಯಾಕೆ ಮುಚ್ಚಿಟ್ಟರು ಎಂಬುದನ್ನು ಕೇಳಬೇಕು. ಎರಡೂ ಓದು ಸಪ್ಪೆಯಾಗಿದ್ದರೆ, ಯಾವ ತೀರ್ಮಾನದಿಂದಲೂ ಒಂದು ಪದದ ಬಣ್ಣವೂ ಬದಲಾಗದಿದ್ದರೆ, ಆ ಕಥೆಗೆ ಎಷ್ಟೇ ಸಲ ಕ್ವಾಂಟಂ ಎಂದು ಹೆಸರಿಟ್ಟರೂ ಪ್ರಯೋಜನವಿಲ್ಲ.